ಬಳೆಯೊಳಗಿನ ಹೆಸರು

ನಿಮ್ಮ ಕೈಗೆ ಯಾರಾದರೂ ಹಳೆಯದೊಂದು ಬಳೆಯನ್ನಿತ್ತು, "ಇದು ಅಸಲಿಯೋ ನಕಲಿಯೋ ನೋಡಿ ಹೇಳಿ" ಎಂದರೆ ನೀವೇನು ಮಾಡುವಿರಿ? ಹೆಚ್ಚಿನವರು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಬಳಿಕ ಆಚಾರಿಯವರಲ್ಲಿಗೆ ಕೊಂಡೊಯ್ಯಿರಿ ಎನ್ನುತ್ತಾರೆ. ನಾನು ಮಾಡಿದ್ದೂ ಅಷ್ಟೇ. ಆದರೆ ಆಚಾರಿಯವರಲ್ಲಿಗೆ ಹೋಗಿ ಮರಳಿದ ಆ ಬಳೆಯು ತನ್ನೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ತಂದಿತು. ಆ ಪ್ರಶ್ನೆಗೆ ಒರೆಗಲ್ಲು ಉತ್ತರಿಸುವುದಿಲ್ಲ. ಅದನ್ನು ನಿಮ್ಮ ಮುಂದಿಡಲೆಂದೇ ಈ ಲೇಖನ.

ವಿಷಯ ಹೀಗಿದೆ. ನಮ್ಮ ಊರಿನ ಓರ್ವ ಸಹೋದರಿ ಒಂದು ಸಂಜೆ ಮಗ್ರಿಬ್ ನಮಾಝ್‌ನ ಬಳಿಕ ಮನೆಗೆ ಬಂದರು. ಅವರ ಮಕ್ಕಳಿಗೆ ಶಾಲೆಯಲ್ಲಿ ನಾನು ಪಾಠ ಹೇಳಿದ್ದೆ. ಅವರ ಪತಿ ದುಬಾಯಿಯಲ್ಲಿ ಹದಿನಾಲ್ಕು ವರ್ಷ ದುಡಿದು, ಕೆಲಸ ಕಳೆದುಕೊಂಡು ಊರಿಗೆ ಮರಳಿದ್ದರು. ಬರುವ ಕೆಲವು ವರ್ಷಗಳ ಮೊದಲು ಸಹೋದ್ಯೋಗಿಯೊಬ್ಬರಿಂದ ಒಂದು ಬಳೆಯನ್ನು ಕೊಂಡಿದ್ದರು. ಹೊಸದಲ್ಲ, ಬಳಸಿದ್ದು. ಪ್ಯಾರಿಸ್‌ನ ಕಾರ್ಟಿಯೇ ಕಂಪೆನಿಯ 'ಲವ್' ಬಳೆ ಎಂದು ಹೇಳಿ ಕೊಟ್ಟಿದ್ದರಂತೆ. ಈಗ ಸಾಲವಿದೆ, ಮಗನ ಕಾಲೇಜಿನ ಫೀಸು ಕಟ್ಟಬೇಕಿದೆ. ಪತಿಯ ಸಂಬಂಧಿಕರಲ್ಲೇ ಓರ್ವರು ಮಗಳ ಮದುವೆಗೆ ಕೊಡಲು ಈ ಬಳೆಯನ್ನು 4 ಲಕ್ಷ ರೂಪಾಯಿಗೆ ಕೊಳ್ಳಲು ಸಿದ್ಧರಿದ್ದಾರೆ. "ಕೊಡುವ ಮೊದಲು ಒಮ್ಮೆ ತೋರಿಸುವ ಅಂತ ಅನಿಸಿತು ಮಾಷ್ಟ್ರೇ" ಎಂದರು.

ಗಲ್ಫ್‌ನಲ್ಲಿ ದುಡಿಯುವವರಿರುವ ಮನೆಗಳಿಗೆ ಈ ಬಳೆ ಅಪರಿಚಿತವಲ್ಲ. ಅಲ್ಡೋ ಚಿಪುಲ್ಲೋ ಎಂಬ ವಿನ್ಯಾಸಗಾರ 1969ರಲ್ಲಿ ನ್ಯೂಯಾರ್ಕ್‌ನಲ್ಲಿ ರೂಪಿಸಿದ್ದು. ಕೈಯ ಆಕಾರಕ್ಕೆ ತಕ್ಕಂತೆ ದೀರ್ಘ ವೃತ್ತದಲ್ಲಿದ್ದು, ಎರಡು ಅರ್ಧಗಳನ್ನು ಸ್ಕ್ರೂಗಳಿಂದ ಬಿಗಿದು ಧರಿಸುವಂಥದ್ದು. ಸ್ಕ್ರೂ ತಿರುಗಿಸಲು ಪುಟ್ಟ ತಿರುಪುಳಿಯನ್ನೂ ಕೊಡುತ್ತಾರೆ. ಮೇಲ್ಮೈಯಲ್ಲೂ ಸ್ಕ್ರೂ ತಲೆಗಳಂತಹ ಗುರುತುಗಳಿರುತ್ತವೆ. ಅದು 18 ಕ್ಯಾರೆಟ್ ಚಿನ್ನ, ಅಂದರೆ ಸಾವಿರಕ್ಕೆ 750 ಪಾಲು. ನಮ್ಮ 22 ಕ್ಯಾರೆಟ್‌ನ 916ಕ್ಕೆ ಹೋಲಿಸಿದರೆ ಚಿನ್ನದ ಅಂಶ ಕಡಿಮೆ. ಆದರೂ ಬೆಲೆ ಹಲವು ಪಟ್ಟು ಹೆಚ್ಚು. ಆ ಹೆಚ್ಚಿನ ಬೆಲೆ ಇರುವುದು ಒಳಮೈಯಲ್ಲಿ ಕೆತ್ತಿದ ಹೆಸರಿಗೆ.

ಇಲ್ಲಿ ಸ್ವಲ್ಪ ನಿಂತು ನೋಡೋಣ. ಇಂತಹ ಆಭರಣವೊಂದು ಎರಡು ಸಾಕ್ಷ್ಯಗಳನ್ನು ನುಡಿಯುತ್ತದೆ. ನಾನು ಚಿನ್ನ ಎನ್ನುವುದು ಒಂದು. ನನ್ನನ್ನು ಇಂಥವರು ಮಾಡಿದರು ಎನ್ನುವುದು ಇನ್ನೊಂದು. ಮೊದಲನೆಯದು ನಿಜವಾಗಿದ್ದು ಎರಡನೆಯದು ಸುಳ್ಳಾಗಿರಬಹುದು. ನಾವು ಮಾತ್ರ ಎರಡನ್ನೂ ಕೂಡಿಸಿ 'ಅಸಲಿಯೇ' ಎಂಬ ಒಂದೇ ಪದದಲ್ಲಿ ಕೇಳಿಬಿಡುತ್ತೇವೆ.

ಲೋಹದ ಸಾಕ್ಷ್ಯವನ್ನು ಪರೀಕ್ಷಿಸುವುದು ಅಷ್ಟು ಕಷ್ಟವಲ್ಲ. ನಮ್ಮ ಆಚಾರಿಯವರು ಬಳೆಯ ಅಂಚನ್ನು ಒರೆಗಲ್ಲಿಗೆ ಉಜ್ಜಿದರು. ಪಕ್ಕದಲ್ಲಿ ಮಟ್ಟ ತಿಳಿದಿರುವ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದರು. ಎರಡರ ಮೇಲೂ ಆಸಿಡ್‌ನ ಹನಿ ಬಿಟ್ಟರು. ಹಿತ್ತಾಳೆಯ ಗೆರೆಯಾಗಿದ್ದರೆ ಕ್ಷಣದಲ್ಲಿ ಮಾಯವಾಗುತ್ತಿತ್ತು. ಮೇಲೆ ಲೇಪ ಮಾತ್ರ ಇರುವ ಗಿಲೀಟು ಒಡವೆಯಾದರೆ ತೆಳುವಾಗಿ ಉಜ್ಜಿದಾಗ ಮೋಸ ಮಾಡಬಹುದು. ಆದುದರಿಂದ ಅವರು ಸವೆಯುವ ಜಾಗಗಳನ್ನು, ಸ್ಕ್ರೂವಿನ ತೂತಿನ ಬಾಯಿಯನ್ನು, ಒಳ ಅಂಚನ್ನು ಮಸೂರದಲ್ಲಿ ನೋಡಿದರು. ಲೇಪವಾಗಿದ್ದರೆ ಅಲ್ಲಿ ಒಳಗಿನ ಬಣ್ಣ ಇಣುಕುತ್ತದೆ. ಕೆಲವರು ಅಯಸ್ಕಾಂತ ಹಿಡಿದು ನೋಡಿ ತೃಪ್ತಿಪಡುತ್ತಾರೆ. ಅದು ಕಬ್ಬಿಣವನ್ನು ಹಿಡಿಯಬಹುದು. ತಾಮ್ರ, ಹಿತ್ತಾಳೆ, ಸೀಸ, ಬೆಳ್ಳಿ ಇವುಗಳಲ್ಲಿ ಯಾವುದನ್ನೂ ಅಯಸ್ಕಾಂತ ಎಳೆಯುವುದಿಲ್ಲವಾದ್ದರಿಂದ ಆ ಪರೀಕ್ಷೆಯಲ್ಲಿ ಗೆದ್ದ ಮಾತ್ರಕ್ಕೆ ಏನೂ ಸಿದ್ಧವಾಗದು.

ಅವರ ಎರಡನೆಯ ಪರೀಕ್ಷೆ ನನಗೆ ಬಹಳ ಹಿಡಿಸಿತು. ಬಳೆಯನ್ನು ತೂಗಿದರು, 31 ಗ್ರಾಂ. ಬಳಿಕ ನೂಲಿನಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರು, 29 ಗ್ರಾಂ. ನೀರಿನಲ್ಲಿ ಕಳೆದ ತೂಕ 2. ಮೂವತ್ತೊಂದನ್ನು ಎರಡರಿಂದ ಭಾಗಿಸಿದರೆ ಹದಿನೈದೂವರೆ. 18 ಕ್ಯಾರೆಟ್ ಹಳದಿ ಚಿನ್ನದ ಸಾಂದ್ರತೆ ಹೆಚ್ಚು ಕಡಿಮೆ ಅಷ್ಟೇ. ಹಿತ್ತಾಳೆಯದಾದರೆ ಎಂಟೂವರೆಯ ಆಸುಪಾಸಿನಲ್ಲಿರುತ್ತಿತ್ತು. ಬೆಳ್ಳಿಯ ಮೇಲೆ ಚಿನ್ನದ ಲೇಪವಾಗಿದ್ದರೆ ಹತ್ತೂವರೆಗೆ ಸ್ವಲ್ಪ ಮೇಲೆ ನಿಲ್ಲುತ್ತಿತ್ತು. (ಹರಳು ಕೂರಿಸಿದ ಅಥವಾ ಒಳಗೆ ಪೊಳ್ಳಾದ ಒಡವೆಗೆ ಈ ಲೆಕ್ಕ ಕೂಡಿಬರುವುದಿಲ್ಲ. ಟಂಗ್‌ಸ್ಟನ್ ಎಂಬ ಲೋಹದ ಸಾಂದ್ರತೆಯಂತೂ ಅಪ್ಪಟ ಚಿನ್ನದಷ್ಟೇ ಇರುವುದರಿಂದ ಚಿನ್ನದ ಗಟ್ಟಿಗಳಲ್ಲಿ ಅದನ್ನು ತುಂಬಿ ಮೋಸ ಮಾಡುವವರಿದ್ದಾರೆ.) ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ಕಾಣೆ, ಈ ನೀರಿನ ತಕ್ಕಡಿಯನ್ನು ನಾಜೂಕಾಗಿ ಬೆಳೆಸಿದವರು ಮುಸ್ಲಿಮ್ ವಿದ್ವಾಂಸರು. ಅಲ್ ಬೀರೂನಿ 11ನೇ ಶತಮಾನದಲ್ಲಿ ಲೋಹಗಳ ಮತ್ತು ರತ್ನಗಳ ಸಾಂದ್ರತೆಯನ್ನು ಬೆರಗಾಗುವಷ್ಟು ನಿಖರವಾಗಿ ಅಳೆದರು. ಮರ್ವ್ ನಗರದ ಅಲ್ ಖಾಝಿನಿ 1121ರಲ್ಲಿ ತಕ್ಕಡಿಯ ಕುರಿತೇ ಒಂದು ದೊಡ್ಡ ಗ್ರಂಥ ಬರೆದು, ಚಿನ್ನದಲ್ಲಿ ಬೆರಕೆಯಿದೆಯೇ, ರತ್ನ ನಿಜವೇ ಎಂದು ಒಡವೆಯನ್ನು ಒಡೆಯದೆ ಕಂಡುಹಿಡಿಯುವ ತಕ್ಕಡಿಯನ್ನು ಅದರಲ್ಲಿ ವಿವರಿಸಿದರು. ಅದನ್ನು ಅವರು ವಿವೇಕದ ತಕ್ಕಡಿ ಎಂದು ಕರೆದರು.

ಇನ್ನು ನಮ್ಮ ನಾಡಿನಲ್ಲಿ ಮಾರುವ ಒಡವೆಗಾದರೆ ಇಷ್ಟೊಂದು ತೊಂದರೆಯಿಲ್ಲ. ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ ಆರಂಭಿಸಿತು. 2021ರ ಜೂನ್‌ನಿಂದ ಅದು ಹಂತ ಹಂತವಾಗಿ ಕಡ್ಡಾಯವಾಯಿತು. ಅಂಗಡಿಯವರು ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ 2023ರ ಏಪ್ರಿಲ್ 1ರಿಂದ ಅಕ್ಷರ-ಅಂಕೆಗಳ ಆರು ಚಿಹ್ನೆಯ ಗುರುತು ಸಂಖ್ಯೆ ಇರಲೇಬೇಕು. ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಒಡವೆಯ ಬಗೆ, ಶುದ್ಧತೆ, ಪರೀಕ್ಷಿಸಿದ ಕೇಂದ್ರದ ವಿವರ ಸಿಗುತ್ತದೆ. ಒಡವೆಯ ಬಗೆಯನ್ನು ತಪ್ಪದೆ ನೋಡಿ. ಉಂಗುರದ ಸಂಖ್ಯೆಯನ್ನು ಸರದ ಮೇಲೆ ಹೊಡೆದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಬರೇ '916' ಎಂಬ ಅಚ್ಚನ್ನೋ 'ಕೆಡಿಎಂ' ಎಂಬ ಅಚ್ಚನ್ನೋ ನಂಬಬೇಡಿ. ಅಂಕೆಯ ಅಚ್ಚು ಯಾರ ಬಳಿಯೂ ಇರಬಹುದು. ಕೆಡಿಎಂ ಎಂದರೆ ಕ್ಯಾಡ್ಮಿಯಮ್ ಬೆರೆಸಿದ ಬೆಸುಗೆ ಎಂದಷ್ಟೇ ಅರ್ಥ, ಶುದ್ಧತೆಯ ಗುರುತಲ್ಲ. ಅದರ ಹೊಗೆ ಆಚಾರಿಯ ಶ್ವಾಸಕೋಶಕ್ಕೆ ವಿಷ ಬೇರೆ.

ನಮ್ಮ ಸಹೋದರಿಯ ಬಳೆ ಲೋಹದ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಅವರ ಮುಖ ಅರಳಿತು. "ಅಲ್‌ಹಮ್ದುಲಿಲ್ಲಾಹ್, ಹಾಗಾದರೆ ಅಸಲಿಯೇ" ಎಂದರು. ಆಚಾರಿಯವರು ಮಾತ್ರ ಮಸೂರವನ್ನು ಕೆಳಗಿಡಲಿಲ್ಲ.

ಹೆಸರಿನ ಸಾಕ್ಷ್ಯವೇ ಕಠಿಣ. ಒಳಮೈಯಲ್ಲಿ ಕಂಪೆನಿಯ ಹೆಸರು, 750 ಎಂಬ ಅಂಕೆ, ಅಳತೆಯ ಅಂಕೆ, ಒಂದು ಕ್ರಮಸಂಖ್ಯೆ ಮತ್ತು ಹಾಲ್‌ಮಾರ್ಕ್‌ಗಳು ಇರಬೇಕು. ಫ್ರಾನ್ಸ್‌ನ ಚಿನ್ನವಾದರೆ ಗರುಡನ ತಲೆಯ ಪುಟ್ಟ ಮುದ್ರೆ ಇರುತ್ತದೆ. 1838ರಿಂದ ಆ ದೇಶದಲ್ಲಿ ಅದು ನಡೆದು ಬಂದಿದೆ. ಸ್ವಿಟ್ಝರ್‌ಲ್ಯಾಂಡ್‌ನದಾದರೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ. ಹಾಗಾಗಿ ಗರುಡನ ತಲೆ ಇಲ್ಲವೆಂಬ ಒಂದೇ ಕಾರಣಕ್ಕೆ ನಕಲಿ ಎನ್ನುವಂತಿಲ್ಲ, ಇದೆಯೆಂಬ ಕಾರಣಕ್ಕೆ ಅಸಲಿ ಎನ್ನುವಂತೆಯೂ ಇಲ್ಲ. ನಕಲಿ ಮಾಡುವವನು ಮುದ್ರೆಯನ್ನೂ ಮಾಡುತ್ತಾನೆ. ಅವನು ಸೋಲುವುದು ಸಣ್ಣ ಸಂಗತಿಗಳಲ್ಲಿ. ಅಕ್ಷರಗಳ ಆಳ ಒಂದೊಂದು ಕಡೆ ಒಂದೊಂದು ತೆರನಾಗುವುದು, ಅಂಚು ಕೈಗೆ ತಗಲುವುದು, ಸ್ಕ್ರೂ ಸಡಿಲಾಗಿ ತಿರುಗುವುದು, ಎರಡು ಅರ್ಧಗಳ ನಡುವಿನ ಸಂದು ಸಮವಾಗಿರದಿರುವುದು. ಪೆಟ್ಟಿಗೆ, ಬಿಲ್ಲು, ಪ್ರಮಾಣಪತ್ರಗಳನ್ನು ನಂಬಿ ಕೊಳ್ಳುವವರು ನಮ್ಮಲ್ಲಿ ಬಹಳ. ಅವೂ ನಕಲಿಯಾಗಬಹುದು. ಅಸಲಿ ಕಾಗದದೊಂದಿಗೆ ನಕಲಿ ಒಡವೆಯೂ ಬರಬಹುದು.

ಆಚಾರಿಯವರಿಗೆ ಅಕ್ಷರಗಳ ಬಗ್ಗೆ ಸಂಶಯ ಬಂತು. ಆದರೆ ಅವರು ಪ್ರಾಮಾಣಿಕರು. "ಇಂಥ ಬಳೆ ನನ್ನ ಕೈಯಲ್ಲಿ ಎರಡೋ ಮೂರೋ ಬಂದಿರಬಹುದು ಮಾಷ್ಟ್ರೇ, ಖಂಡಿತ ಹೇಳಲಾರೆ" ಎಂದರು. ಸಹೋದರಿಯ ತಮ್ಮ ದುಬಾಯಿಯಲ್ಲೇ ಇದ್ದಾನೆ. ಆತ ಬಳೆಯ ಫೋಟೋ ಹಿಡಿದುಕೊಂಡು ಹಳೆಯ ಆಭರಣಗಳ ವ್ಯಾಪಾರಿಗಳನ್ನು ಕಂಡು ವಿಚಾರಿಸಿದ. ನಾಲ್ಕನೆಯ ದಿನ ಅವನಿಂದ ಬಂದ ಸುದ್ದಿ ನಮ್ಮೆಲ್ಲರನ್ನೂ ಸುಮ್ಮನಾಗಿಸಿತು. ಅದೇ ಕ್ರಮಸಂಖ್ಯೆಯ ಇನ್ನೊಂದು ಬಳೆ ಅಲ್ಲಿ ಬೇರೊಬ್ಬರ ಬಳಿ ಮಾರಾಟಕ್ಕಿತ್ತು. ಒಂದು ಸಂಖ್ಯೆ ಒಂದು ಬಳೆಗೆ ಮಾತ್ರ. ನಕಲಿ ಮಾಡುವವರು ಒಂದು ಅಸಲಿ ಬಳೆಯ ಸಂಖ್ಯೆಯನ್ನು ಕದ್ದು ಹತ್ತಾರು ಬಳೆಗಳ ಮೇಲೆ ಕೆತ್ತುವುದು ಆ ಪೇಟೆಯಲ್ಲಿ ಹಳೆಯ ರೂಢಿಯಂತೆ.

ಈಗ ಗಮನಿಸಿ. ಈ ಸುದ್ದಿಯಿಂದ ಆ ಸಹೋದರಿಯ ಬಳೆ ನಕಲಿ ಎಂದು ಸಿದ್ಧವಾಯಿತೇ? ಇಲ್ಲ. ಎರಡರಲ್ಲಿ ಒಂದಾದರೂ ನಕಲಿ ಎಂಬುದು ಮಾತ್ರ ಸಿದ್ಧವಾಯಿತು. ಇವರದೇ ಅಸಲಿಯಾಗಿ, ಅಲ್ಲಿನದು ಇದರ ನಕಲಾಗಿರಬಹುದು. ಅದೇ ಎಳೆಯನ್ನು ಆ ಸಹೋದರಿ ಹಿಡಿದುಕೊಂಡರು. ಅವರನ್ನು ಹಗುರವಾಗಿ ನೋಡಬೇಡಿ. ಚಿನ್ನದ ಬೆಲೆಗೂ ಹೆಸರಿನ ಬೆಲೆಗೂ ನಡುವಿನ ಅಂತರ ಎರಡೂವರೆ ಲಕ್ಷಕ್ಕೂ ಮೇಲಿತ್ತು. ಗಂಡ ಮನೆಯಲ್ಲಿ ಖಾಲಿ ಕುಳಿತಿರುವಾಗ ಅಷ್ಟು ಹಣವೆಂದರೆ ಏನೆಂದು ಸಂಸಾರ ನಡೆಸುವವರಿಗೆ ಗೊತ್ತು.

ಅವರು ಹೇಳಿದ ಮಾತುಗಳಲ್ಲಿ ಒಂದು ನನ್ನನ್ನು ಬಹಳ ಕಾಡಿತು. "ನಾನು ಆಚಾರಿಯವರಿಗೆ ತೋರಿಸಬಾರದಿತ್ತು. ತೋರಿಸದಿದ್ದರೆ ಗೊತ್ತಾಗುತ್ತಿರಲಿಲ್ಲ. ಗೊತ್ತಿಲ್ಲದೆ ಮಾರಿದ್ದರೆ ತಪ್ಪಾಗುತ್ತಿರಲಿಲ್ಲ ಅಲ್ವಾ?"

ಎಷ್ಟು ಸಹಜವಾದ ಮಾತು! ನಮ್ಮಲ್ಲಿ ಹಲವರು ಬಾಯಿಬಿಟ್ಟು ಹೇಳದಿದ್ದರೂ ಇದೇ ನಿಯಮದ ಮೇಲೆ ವ್ಯಾಪಾರ ಮಾಡುತ್ತಾರೆ. ಹಳೆಯ ಗಾಡಿ ಮಾರುವಾಗ ಮೆಕ್ಯಾನಿಕ್‌ಗೆ ತೋರಿಸುವುದಿಲ್ಲ, ಏಕೆಂದರೆ ಆತ ಏನಾದರೂ ಹೇಳಿಬಿಟ್ಟಾನು. ಜಾಗ ಮಾರುವಾಗ ದಾಖಲೆ ತೆಗೆಸುವುದಿಲ್ಲ. ಅಜ್ಞಾನವನ್ನೇ ಒಂದು ಬಂಡವಾಳವಾಗಿ ಕಾಪಾಡಿಕೊಳ್ಳುತ್ತಾರೆ. ಇಮಾಮ್ ಗಝ್ಝಾಲಿ(ರ) ತಮ್ಮ 'ಇಹ್ಯಾ ಉಲೂಮಿದ್ದೀನ್'ನ ಸಂಪಾದನೆಯ ಅಧ್ಯಾಯದಲ್ಲಿ ಖೋಟಾ ನಾಣ್ಯದ ಕುರಿತು ಬರೆಯುವಾಗ ಈ ಬಾಗಿಲನ್ನು ಮುಚ್ಚಿಬಿಡುತ್ತಾರೆ. ವ್ಯಾಪಾರಿಯು ನಾಣ್ಯ ಪರೀಕ್ಷೆಯನ್ನು ಕಲಿಯಬೇಕು, ತಾನು ಮೋಸ ಹೋಗಬಾರದೆಂಬ ಕಾರಣಕ್ಕಷ್ಟೇ ಅಲ್ಲದೆ ಅರಿಯದೆ ಇನ್ನೊಬ್ಬರ ಕೈಗೆ ಖೋಟಾ ನಾಣ್ಯವನ್ನು ದಾಟಿಸದಿರಲಿಕ್ಕಾಗಿಯೂ ಕಲಿಯಬೇಕು, ಕಲಿಯದೆ ದಾಟಿಸಿದರೆ ಕಲಿಯದ ತಪ್ಪಿಗೆ ಆತ ಹೊಣೆಗಾರ ಎಂಬುದು ಅವರ ಅಭಿಪ್ರಾಯ. ಅಂದರೆ ತಿಳಿಯಬಹುದಾಗಿದ್ದನ್ನು ತಿಳಿಯದೆ ಉಳಿಯುವುದು ಕೂಡ ಒಂದು ಕರ್ಮ. ಖೋಟಾ ನಾಣ್ಯ ಒಮ್ಮೆ ಚಲಾವಣೆಗೆ ಬಂತೆಂದರೆ ಅದು ಕೈಯಿಂದ ಕೈಗೆ ಹೋಗುತ್ತಾ ಪ್ರತಿಯೊಬ್ಬರನ್ನೂ ವಂಚಿಸುತ್ತದೆ, ಮೊದಲು ಬಿಟ್ಟವನು ಸತ್ತ ಮೇಲೂ ಅವನ ಪಾಪ ಬೆಳೆಯುತ್ತಲೇ ಇರುತ್ತದೆ ಎಂದೂ ಅವರು ಎಚ್ಚರಿಸುತ್ತಾರೆ.

ಇದಕ್ಕೆ ಸಮೀಪವಾದ ಒಂದು ವಿಚಾರ ನಮ್ಮ ಕಾಲದ ನ್ಯಾಯಾಲಯದಲ್ಲೂ ಬಂದಿತ್ತು. ಟಿಫಾನಿ ಎಂಬ ಅಮೆರಿಕದ ಆಭರಣ ಕಂಪೆನಿಯು 2004ರಲ್ಲಿ ಇ-ಬೇ ಎಂಬ ಮಾರಾಟ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತು. ಅಲ್ಲಿ ತನ್ನ ಹೆಸರಿನಲ್ಲಿ ಮಾರಲಾಗುತ್ತಿದ್ದ ಬೆಳ್ಳಿಯ ಒಡವೆಗಳನ್ನು ಕೊಂಡು ಪರೀಕ್ಷಿಸಿದಾಗ ಶೇಕಡಾ 73ರಷ್ಟು ನಕಲಿಯೆಂದು ಕಂಡುಬಂತು ಎಂದು ಅದು ವಾದಿಸಿತು. ಪರೀಕ್ಷೆಯ ವಿಧಾನದಲ್ಲಿ ದೋಷಗಳಿವೆಯೆಂದು ನ್ಯಾಯಾಧೀಶರು ಹೇಳಿದರೂ, ಗಣನೀಯ ಭಾಗ ನಕಲಿಯೇ ಎಂಬುದನ್ನು ಒಪ್ಪಿಕೊಂಡರು. ಆದರೂ 2008ರಲ್ಲಿ ತೀರ್ಪು ಇ-ಬೇಯ ಪರವಾಯಿತು, 2010ರಲ್ಲಿ ಮೇಲಿನ ನ್ಯಾಯಾಲಯವೂ ಮುಖ್ಯ ವಿಷಯದಲ್ಲಿ ಅದನ್ನೇ ಎತ್ತಿಹಿಡಿಯಿತು. ಪೇಟೆಯಲ್ಲಿ ನಕಲಿಗಳಿವೆ ಎಂಬ ಸಾಮಾನ್ಯ ತಿಳುವಳಿಕೆ ಹೊಣೆ ಹೊರಿಸಲು ಸಾಲದು, ಇಂಥ ವಸ್ತು ನಕಲಿ ಎಂಬ ನಿರ್ದಿಷ್ಟ ತಿಳುವಳಿಕೆ ಇರಬೇಕು ಎಂಬುದು ಕಾರಣ. ಜೊತೆಗೆ ಇನ್ನೊಂದು ಮಾತನ್ನೂ ನ್ಯಾಯಾಲಯ ಸೇರಿಸಿತು. ಸಂಶಯ ಬಂದ ಮೇಲೆ ಸತ್ಯ ತಿಳಿಯದಿರಲೆಂದು ಬೇಕೆಂದೇ ಕಣ್ಣು ಮುಚ್ಚಿಕೊಂಡವನು ತನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಲಕ್ಷಾಂತರ ಮಂದಿಯ ಮಾರಾಟಕ್ಕೆ ಜಾಗ ಕೊಡುವ ಸಂಸ್ಥೆಗೂ ಒಂದೇ ಒಂದು ಬಳೆಯನ್ನು ಕೈಯಲ್ಲಿ ಹಿಡಿದಿರುವವರಿಗೂ ವ್ಯತ್ಯಾಸವಿದೆ. ನಮ್ಮ ಸಹೋದರಿಯ ತಿಳುವಳಿಕೆ ನಿರ್ದಿಷ್ಟವಾದದ್ದು. ಇದೇ ಬಳೆ, ಇದೇ ಸಂಖ್ಯೆ.

ಅವರ ಉಳಿದ ವಾದಗಳೂ ಇದ್ದವು. ಕೊಳ್ಳುವವರು ತಾವಾಗಿ ಏನನ್ನೂ ಕೇಳಿಲ್ಲವಲ್ಲ? ಅವರು ಕೇಳದಿದ್ದುದು ಇವರ ಮೇಲಿನ ನಂಬಿಕೆಯಿಂದ. ಸಂಬಂಧಿಕರೆಂಬ ನಂಬಿಕೆಯನ್ನೇ ಮೌನದಿಂದ ಮಾರಿಕೊಂಡರೆ ಅಪರಿಚಿತರನ್ನು ವಂಚಿಸುವುದಕ್ಕಿಂತ ಅದು ಕೀಳು. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ಒದ್ದೆಯನ್ನು ಕಂಡಾಗ ಪ್ರವಾದಿ(ಸ)ಯವರು ಆ ವ್ಯಾಪಾರಿಯೊಡನೆ, ಗಿರಾಕಿ ಕೇಳಿದನೇ ಎಂದು ವಿಚಾರಿಸಲಿಲ್ಲ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಕ್ಕೆ ಏಕೆ ಹಾಕಲಿಲ್ಲ ಎಂದು ಕೇಳಿದರು. ವಂಚಿಸುವವನು ನಮ್ಮವನಲ್ಲ ಎಂದು ಅವರು ಎಚ್ಚರಿಸಿದ್ದು ಆ ಸಂದರ್ಭದಲ್ಲಿಯೇ. ಆ ಧಾನ್ಯವನ್ನು ಒದ್ದೆ ಮಾಡಿದ್ದು ವ್ಯಾಪಾರಿಯಲ್ಲ, ಮಳೆ. ನಮ್ಮ ಸಹೋದರಿಯೂ ಬಳೆಯ ಮೇಲೆ ಸುಳ್ಳು ಹೆಸರು ಕೆತ್ತಿದವರಲ್ಲ. ಆದರೂ ಮೇಲೆ ಹಾಕುವ ಹೊಣೆ ಮಾರುವವರದೇ.

"ನಾನೂ ಮೋಸ ಹೋದವಳೇ ಅಲ್ವಾ?" ಎಂದರು. ಹೌದು. ಅವರ ಹಕ್ಕು ತಮಗೆ ಮಾರಿದವನ ಮೇಲಿದೆ. ಮುಚ್ಚಿಟ್ಟ ದೋಷ ಕಂಡುಬಂದರೆ ವಸ್ತುವನ್ನು ಮರಳಿಸುವ ಅಧಿಕಾರವನ್ನು ಇಸ್ಲಾಮೀ ಕರ್ಮಶಾಸ್ತ್ರ ಕೊಳ್ಳುವವನಿಗೆ ಕೊಟ್ಟಿದೆ. ಆದರೆ ಆ ಸಹೋದ್ಯೋಗಿ ಕೆಲಸ ಬಿಟ್ಟು ಯಾವ ದೇಶಕ್ಕೆ ಹೋದನೋ ಪತ್ತೆಯಿಲ್ಲ. ಮೋಸ ಹೋದವರು ನಷ್ಟವನ್ನು ಹಿಂದಕ್ಕೆ ಕಳುಹಿಸಬಹುದು, ಮುಂದಕ್ಕೆ ಕಳುಹಿಸಲು ಹಕ್ಕಿಲ್ಲ. ಇದನ್ನು ಅವರಿಗೆ ಹೇಳುವಾಗ ನನ್ನ ಧ್ವನಿ ಗಟ್ಟಿಯಾಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನಷ್ಟ ಅವರದು, ಉಪದೇಶ ನನ್ನದು.

ಆದರೆ ಕೊನೆಯ ವಾದ ಗಟ್ಟಿಯಾಗಿತ್ತು. "ನಕಲಿ ಎಂದು ಗೊತ್ತಿದ್ದರೆ ಖಂಡಿತ ಹೇಳುತ್ತಿದ್ದೆ. ಈಗ ಗೊತ್ತಿಲ್ಲ. ಅಸಲಿಯೇ ಆಗಿದ್ದರೆ? ಸುಮ್ಮನೆ ಸಂಶಯ ಹೇಳಿ ನನ್ನ ಮಾಲನ್ನು ನಾನೇ ಕೆಡಿಸಿದಂತಾಗುವುದಿಲ್ಲವೇ?"

ನಾನು ಒಂದು ರಾತ್ರಿ ಇದರ ಬಗ್ಗೆ ಯೋಚಿಸಿದೆ. ಕೊಳ್ಳುವವರು 4 ಲಕ್ಷ ಕೊಡುವುದು ಯಾವುದಕ್ಕೆ? ಚಿನ್ನಕ್ಕೆ ಒಂದಷ್ಟು, ಉಳಿದುದು ಹೆಸರಿನ ಭರವಸೆಗೆ. ಆ ಭರವಸೆ ಮಾರುವವರ ಮನಸ್ಸಿನಲ್ಲೇ ಇಲ್ಲವಾದರೆ, ತಮ್ಮಲ್ಲಿಲ್ಲದ ವಸ್ತುವಿಗೆ ಅವರು ಬೆಲೆ ಪಡೆದಂತಾಯಿತು. ಸಂಶಯವು ಬಳೆಯ ಹೊರಗಿರುವ ಸಂಗತಿ ಎಂದು ನಮಗೆ ತೋರುತ್ತದೆ. ಪೇಟೆಯಲ್ಲಿ ಹಾಗಲ್ಲ. ಇನ್ನೊಂದು ಬಳೆಯ ಮೇಲೂ ಅದೇ ಸಂಖ್ಯೆಯಿದೆ ಎಂದು ತಿಳಿದ ಯಾವ ವ್ಯಾಪಾರಿಯೂ ಇದಕ್ಕೆ ಪೂರ್ಣ ಬೆಲೆ ಕೊಡಲಾರ. ಬೆಲೆಯನ್ನು ಇಳಿಸುವಂಥದ್ದು ಯಾವುದೋ ಅದನ್ನೇ ಅಲ್ಲವೇ ವ್ಯಾಪಾರದಲ್ಲಿ ಐಬು ಎನ್ನುವುದು? ಹಾಗಾದರೆ ಸಂಶಯವೂ ಬಳೆಯ ಒಂದು ಐಬು, ಅದನ್ನು ತೋರಿಸಲೇಬೇಕು. 'ನಕಲಿ' ಎಂದು ಹೇಳುವುದು ಬೇಡ. ಅದು ಅವರಿಗೆ ಗೊತ್ತಿಲ್ಲದ ಮಾತು, ಹೇಳಿದರೆ ಅದೂ ಸುಳ್ಳಾದೀತು. ಗೊತ್ತಿರುವಷ್ಟನ್ನು ಗೊತ್ತಿರುವಂತೆ ಹೇಳಿದರೆ ಸಾಕು.

ಈ ಜಾಗದಲ್ಲಿ ನನಗೆ ಖೈಬರ್‌ನ ಹಾರದ ನೆನಪಾಯಿತು. ಹಝ್ರತ್ ಫಳಾಲಾ ಬಿನ್ ಉಬೈದ್(ರ) ಖೈಬರ್‌ನ ದಿನ ಚಿನ್ನ ಮತ್ತು ಮಣಿಗಳಿದ್ದ ಒಂದು ಹಾರವನ್ನು 12 ದೀನಾರ್‌ಗೆ ಕೊಂಡಿದ್ದರು. ಬಿಡಿಸಿ ನೋಡಿದಾಗ ಅದರಲ್ಲಿ 12 ದೀನಾರ್‌ಗಿಂತಲೂ ಹೆಚ್ಚು ಚಿನ್ನವಿತ್ತು. ಪ್ರವಾದಿ(ಸ)ಯವರಿಗೆ ತಿಳಿಸಿದಾಗ, ಬಿಡಿಸಿ ಬೇರ್ಪಡಿಸುವ ತನಕ ಅಂಥದ್ದನ್ನು ಮಾರಬಾರದು ಎಂದರು. ಈ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಇದು ಮೂಲತಃ ಬಡ್ಡಿಯ ವಿಧಿ. ಚಿನ್ನಕ್ಕೆ ಚಿನ್ನವನ್ನು ವಿನಿಮಯ ಮಾಡುವಾಗ ತೂಕ ಸಮನಾಗಿರಬೇಕು, ಕೈಗೆ ಕೈ ನಡೆಯಬೇಕು ಎಂಬ ನಿಯಮಕ್ಕೆ ಸೇರಿದ್ದು. ಅದರ ವಿವರಗಳಲ್ಲಿ ಕರ್ಮಶಾಸ್ತ್ರ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವೂ ಇದೆ. (ಹಳೆಯ ಒಡವೆ ಕೊಟ್ಟು ಹೊಸದನ್ನು ತರುವ ಸಹೋದರಿಯರು ಇದನ್ನು ನೆನಪಿಡಬೇಕು. ಹಳೆಯದನ್ನು ಮೊದಲು ಹಣಕ್ಕೆ ಮಾರಿ, ಹಣ ಕೈಗೆ ಬಂದ ಬಳಿಕ ಹೊಸದನ್ನು ಕೊಳ್ಳುವುದು ಸುರಕ್ಷಿತ ದಾರಿ. ಕಳಪೆ ಖರ್ಜೂರವನ್ನು ಎರಡು ಪಾಲು ಕೊಟ್ಟು ಉತ್ತಮವಾದುದನ್ನು ಒಂದು ಪಾಲು ತಂದಾಗ ಹಝ್ರತ್ ಬಿಲಾಲ್(ರ)ರಿಗೆ ಪ್ರವಾದಿ(ಸ) ಕಲಿಸಿದ್ದು ಇದೇ ದಾರಿಯನ್ನು.) ನಮ್ಮ ಬಳೆಗೆ ಆ ವಿಧಿ ನೇರವಾಗಿ ಅನ್ವಯವಾಗದಿದ್ದರೂ ಅದರಲ್ಲಿನ ವಿವೇಕ ನಮಗೆ ದಾರಿ ತೋರುತ್ತದೆ. ಬೆರೆತಿರುವುದನ್ನು ಬಿಡಿಸಿ ನೋಡಿ. ಚಿನ್ನ ಎಷ್ಟು, ಹೆಸರು ಎಷ್ಟು? ಚಿನ್ನದ ಮೇಲೆ ಒರೆಗಲ್ಲಿನ ಸಾಕ್ಷ್ಯವಿದೆ, ಅದಕ್ಕೆ ಬೆಲೆ ಪಡೆಯಲು ಯಾವ ಸಂಕೋಚವೂ ಬೇಡ. ಹೆಸರಿಗೆ ಸಾಕ್ಷ್ಯವಿಲ್ಲ.

12ನೇ ಶತಮಾನದಲ್ಲಿ ಪೇಟೆಯ ಮೇಲ್ವಿಚಾರಕರಿಗಾಗಿ ಕೈಪಿಡಿ ಬರೆದ ಅಶ್ಶೈಝರೀ ಎಂಬವರು ಅಕ್ಕಸಾಲಿಗರಿಗೂ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಬೆರಕೆಯಿರುವ ಒಡವೆಯನ್ನು ಮಾರುವುದಾದರೆ ಬೆರಕೆ ಎಷ್ಟೆಂದು ಗಿರಾಕಿಗೆ ತಿಳಿಸಬೇಕು ಎಂಬುದು ಅದರ ನಿಯಮಗಳಲ್ಲೊಂದು.

ನನ್ನ ಸ್ಥಿತಿಯೂ ಸರಳವಾಗಿರಲಿಲ್ಲ. ಹಝ್ರತ್ ವಾಸಿಲಾ ಬಿನ್ ಅಲ್ ಅಸ್ಕಅ್(ರ)ರ ಒಂದು ಘಟನೆಯನ್ನು ನೀವು ಓದಿರಬಹುದು. ಅವರ ಮುಂದೆಯೇ ಓರ್ವನು ಒಂಟೆಯನ್ನು 300 ದಿರ್ಹಮ್‌ಗೆ ಮಾರಿದ. ಅವರು ಬೇರಾವುದೋ ಯೋಚನೆಯಲ್ಲಿದ್ದರು. ಕೊಂಡವನು ಹೊರಟು ಹೋದ ಮೇಲೆ ಎಚ್ಚೆತ್ತು, ಹಿಂದಿನಿಂದ ಓಡಿ, ಒಂಟೆಯ ಗೊರಸಿನಲ್ಲಿ ತೂತಿದೆ, ದೂರ ನಡೆಯಲಾರದು ಎಂದು ತಿಳಿಸಿದರು. ಕೊಂಡವನು ಮರಳಿ ಬಂದ, ಮಾರಿದವನು ನೂರು ದಿರ್ಹಮ್ ಇಳಿಸಬೇಕಾಯಿತು. ನನ್ನ ವ್ಯಾಪಾರ ಕೆಡಿಸಿದಿರಲ್ಲ ಎಂದು ಆತ ದೂರಿದಾಗ, ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆವೆಂದು ಪ್ರವಾದಿ(ಸ)ಯವರಿಗೆ ನಾವು ಮಾತು ಕೊಟ್ಟಿದ್ದೇವೆ ಎಂದು ವಾಸಿಲಾ(ರ) ಉತ್ತರಿಸಿದರು. ಅವರು ಮಾರಿದವರೂ ಅಲ್ಲ, ಕೊಂಡವರೂ ಅಲ್ಲ, ತಿಳಿದವರು ಮಾತ್ರ. ಈ ಬಳೆಯ ವಿಷಯದಲ್ಲಿ ನಾನೂ ತಿಳಿದವನಾಗಿದ್ದೆ. ಸಹೋದರಿ ಹೇಳದೆ ಮಾರಿದರೆ ನಾನೇ ಹೋಗಿ ಹೇಳಬೇಕಾಗುತ್ತಿತ್ತು. ನಂಬಿ ಬಂದವರ ಗುಟ್ಟನ್ನು ಹೊರಗೆಡಹುವ ಆ ಕೆಲಸ ಮಾಡಲು ನನಗೆ ಧೈರ್ಯ ಬರುತ್ತಿತ್ತೇ? ಬರುತ್ತಿತ್ತೆಂದು ಎದೆ ತಟ್ಟಿ ಹೇಳಲಾರೆ.

ಮಾರುವವರ ಬಗ್ಗೆ ಇಷ್ಟು ಹೇಳಿದ ಮೇಲೆ ಕೊಳ್ಳುವವರನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಅರ್ಧ ಬೆಲೆಗೆ ದೊಡ್ಡ ಹೆಸರು ಸಿಗುತ್ತದೆಂದಾಗ ನಾವು ಪ್ರಶ್ನೆ ಕೇಳದಿರುವುದು ನಂಬಿಕೆಯಿಂದಷ್ಟೇ ಅಲ್ಲ, ಆಸೆಯಿಂದಲೂ ಹೌದು. ಕೆಲವರಂತೂ ನಕಲಿಯೆಂದು ತಿಳಿದೇ ಕೊಳ್ಳುತ್ತಾರೆ, ಮದುವೆ ಮನೆಯಲ್ಲಿ ನಾಲ್ಕು ಜನರಿಗೆ ಆ ಹೆಸರು ಕಂಡರೆ ಸಾಕು ಅವರಿಗೆ. ತನಗೆ ದೊರೆಯದುದನ್ನು ದೊರೆತಂತೆ ತೋರಿಸಿಕೊಳ್ಳುವವರನ್ನು ಪ್ರವಾದಿ(ಸ)ಯವರು ಸುಳ್ಳಿನ ಎರಡು ಉಡುಪು ತೊಟ್ಟವರಿಗೆ ಹೋಲಿಸಿದ್ದಾರೆ. ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯಿದೆ. ವಿಧವೆಯೊಬ್ಬರು ಬೆಲೆ ತಿಳಿಯದೆ ಅಸಲಿ ಒಡವೆಯನ್ನು ತೂಕದ ಬೆಲೆಗೆ ಕೊಟ್ಟರೆ, "ನನ್ನ ಅದೃಷ್ಟ" ಎಂದು ಮನೆಗೆ ತರುವವರು. ಹಝ್ರತ್ ಜರೀರ್ ಬಿನ್ ಅಬ್ದುಲ್ಲಾಹ್(ರ) ಒಂದು ಕುದುರೆಯನ್ನು 300 ದಿರ್ಹಮ್‌ಗೆ ಕೊಡಲು ಒಪ್ಪಿದವನಿಗೆ, ನಿನ್ನ ಕುದುರೆ ಅದಕ್ಕಿಂತ ಹೆಚ್ಚು ಬಾಳುತ್ತದೆ ಎನ್ನುತ್ತಾ ತಾವೇ ಬೆಲೆಯೇರಿಸಿ 800 ಕೊಟ್ಟರೆಂಬ ವರದಿಯಿದೆ. ಇಂದು ಹಾಗೆ ಮಾಡುವವನನ್ನು ಮನೆಯವರೇ ಪೆದ್ದ ಎಂದಾರು.

ಒಂದು ವೇಳೆ ನಕಲಿಯೆಂದೇ ಖಚಿತವಾಗಿದ್ದರೆ? ಹೇಳಿ ಮಾರಿದರೂ ಸಾಲದು ಎಂಬುದು ನನ್ನ ಅಭಿಪ್ರಾಯ. ಇಂದು ತಿಳಿದು ಕೊಂಡವರು ನಾಳೆ ತಿಳಿಯದವರಿಗೆ ಮಾರಿಯಾರು. ಖೋಟಾ ನಾಣ್ಯ ಕೈಗೆ ಬಂದರೆ ಯಾರಿಗೂ ಸಿಗದಂತೆ ಬಾವಿಗೆ ಎಸೆಯಬೇಕು ಎಂದು ಗಝ್ಝಾಲಿ(ರ) ಬರೆದದ್ದು ಇದಕ್ಕೇ. ನಮ್ಮ ದೇಶದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲೂ ಸುಳ್ಳು ಗುರುತಿನ ವಸ್ತು ಮಾರುವುದು ಶಿಕ್ಷಾರ್ಹ. ಚಿನ್ನವನ್ನು ಬಾವಿಗೆ ಎಸೆಯಬೇಕಿಲ್ಲ, ಮೂಸೆಗೆ ಹಾಕಿದರೆ ಹೆಸರು ಮಾತ್ರ ಹೋಗುತ್ತದೆ.

ಆ ಸಹೋದರಿ ಮರುದಿನ ಪತಿಯೊಂದಿಗೆ ಕೊಳ್ಳುವವರ ಮನೆಗೆ ಹೋದರು. ಆಚಾರಿಯವರು ಹೇಳಿದ್ದು, ತಮ್ಮ ಕಂಡದ್ದು ಎಲ್ಲವನ್ನೂ ತಿಳಿಸಿದರು. ಆ ಮನೆಯವರು ಚಹಾ ಕೊಟ್ಟರು, ಹೇಳಿದ್ದು ಒಳ್ಳೆಯದಾಯಿತು ಎಂದರು, ಬಳೆ ಬೇಡವೆಂದರು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಕೆಲವು ದಿನಗಳಲ್ಲಿ, ಅವರು ನಕಲಿ ಬಳೆ ಮಾರಲು ಬಂದಿದ್ದರು ಎಂಬ ಮಾತು ಸಂಬಂಧಿಕರಲ್ಲಿ ಹರಡಿತು. ಸತ್ಯ ಹೇಳಿದವರ ಬೆನ್ನ ಹಿಂದೆ ಹೀಗೆ ಮಾತಾಡುವವರು, ಮುಂದಿನ ಬಾರಿ ಯಾರೂ ಸತ್ಯ ಹೇಳದಂತೆ ಮಾಡುತ್ತಾರೆ. ಈ ಲೇಖನವನ್ನು ಆ ಕುಟುಂಬದವರೂ ಓದಬಹುದು, ಓದಲಿ.

ಬಳೆಯನ್ನು ಮತ್ತೊಮ್ಮೆ ದುಬಾಯಿಗೆ ಕಳುಹಿಸಿ ಖಚಿತಪಡಿಸಿಕೊಳ್ಳಬಹುದು ಎಂದು ನಾನು ಸಲಹೆಯಿತ್ತೆ. ಅಷ್ಟು ಕಾಯಲು ಅವರಿಗೆ ವ್ಯವಧಾನವಿರಲಿಲ್ಲ, ಫೀಸಿನ ಕೊನೆಯ ದಿನ ಹತ್ತಿರವಾಗಿತ್ತು. ತೂಕದ ಬೆಲೆಗೆ ಆಚಾರಿಯವರಿಗೇ ಕೊಟ್ಟರು. ಆಚಾರಿಯವರು ಹಣ ಎಣಿಸಿ ಕೊಟ್ಟ ಮೇಲೆ ಕತ್ತರಿ ಎತ್ತಿಕೊಂಡು, "ಅಸಲಿಯೇ ಆಗಿರಲೂಬಹುದು ಅಮ್ಮಾ, ಇನ್ನೊಮ್ಮೆ ಯೋಚಿಸಿ" ಎಂದರು. ಸಹೋದರಿ ಬಳೆಯನ್ನು ಕೈಗೆ ತೆಗೆದುಕೊಂಡು ಒಳಗಿನ ಅಕ್ಷರಗಳನ್ನು ಒಂದು ಕ್ಷಣ ನೋಡಿದರು. ಬಳಿಕ ಅದನ್ನು ಮೇಜಿನ ಮೇಲಿಟ್ಟು, ಹಣವನ್ನು ಪರ್ಸಿಗೆ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.